ಗರಿಯೊಳಗಿನ ಗುರುತು



ಹೊಳಲ್ಕೆರೆಯಿಂದ ಹೊಸದುರ್ಗದ ಕಡೆ ಬಸ್ಸಿನಲ್ಲಿ ಹೊರಟರೆ ರಸ್ತೆಯ ಎರಡೂ ಬದಿಗೆ ಅಡಿಕೆ ತೋಟ, ತೆಂಗಿನ ತೋಟ. ಅಲ್ಲಿಂದ ಹಿರಿಯೂರಿನತ್ತ ಬಂದರೆ ನೆಲ ಒಣಗುತ್ತಾ ಹೋಗುತ್ತದೆ. ವೇದಾವತಿಗೆ ಅಡ್ಡಲಾಗಿ 1907ರ ಹೊತ್ತಿಗೆ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರದ ನೀರು ತಲುಪುವಲ್ಲಿ ತೆಂಗು ನಿಂತಿದೆ, ತಲುಪದ ಕಡೆ ಹಳ್ಳದ ದಂಡೆಯ ಈಚಲು ನಿಂತಿದೆ. ಚಿತ್ರದುರ್ಗ ಪೇಟೆಗೆ ಬಂದರೆ ಕಚೇರಿಗಳ ಅಂಗಳದಲ್ಲಿ, ಉದ್ಯಾನಗಳಲ್ಲಿ ಬಿಳಿ ಕಾಂಡದ ರಾಯಲ್ ಪಾಮ್, ಎಲ್ಲೋ ಒಂದು ಬೈನೆ ಮರ. ಬೀಸಣಿಗೆಯಂತೆ ಗರಿ ಹರಡುವ ತಾಳೆ ಮರವೂ ಅಪರೂಪಕ್ಕೆ ಕಾಣುತ್ತದೆ. ಇವೆಲ್ಲ ಒಂದೇ ಕುಟುಂಬದ, ತಾಳೆ ಕುಟುಂಬದ, ಮರಗಳು. ಸಸ್ಯಶಾಸ್ತ್ರ ಈ ಕುಟುಂಬಕ್ಕೆ ಇಟ್ಟಿರುವ ಅರೆಕೇಸಿ ಎಂಬ ಹೆಸರು ಅಡಿಕೆಯ ಕುಲದಿಂದಲೇ ಬಂದದ್ದು. ಜಗತ್ತಿನಲ್ಲಿ ಈ ಕುಟುಂಬದ ಕುಲಗಳು 180ರಷ್ಟು, ಜಾತಿಗಳು ಸುಮಾರು 2,600.

ಮರ ಎದುರಿಗೆ ನಿಂತಿದ್ದರೆ ತೆಂಗು ಯಾವುದು, ಅಡಿಕೆ ಯಾವುದು ಎಂದು ನಮ್ಮ ಸೀಮೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಷ್ಟ ಬರುವುದು ಮರ ಎದುರಿಗಿಲ್ಲದಾಗ. ಹಳೆಯ ಮನೆಯ ಸೂರಿನಿಂದ ಉದುರಿದ ಗರಿಯ ಚೂರು, ಅಟ್ಟದಲ್ಲಿ ಸಿಕ್ಕಿದ ಓಲೆಯ ತುಂಡು, ಅರ್ಧ ಸವೆದ ಚಾಪೆ, ನರ್ಸರಿಯ ಪಾಕೀಟಿನಲ್ಲಿ ಎರಡೇ ಎಲೆ ಬಿಟ್ಟ ಸಸಿ, ಒಲೆಯ ಬೂದಿ, ಮಣ್ಣಿನ ಪದರದಲ್ಲಿ ಕಣ್ಣಿಗೆ ಕಾಣದೆ ಉಳಿದ ಕಣ. ಇವುಗಳಿಗೆ ಹೆಸರು ಹಿಡಿಯುವುದು ಹೇಗೆ ಎಂಬುದೇ ಇವತ್ತಿನ ಮಾತು. ಗರಿಯ ಮಡಿಕೆಯನ್ನು, ಗರಿಯ ಒಳಗಿನ ಜೀವಕೋಶಗಳನ್ನು ನೋಡಿ ಮರವನ್ನು ಗುರುತಿಸಬಹುದು. ಉಗುರಿನಷ್ಟು ಚೂರು ಸಾಕು. ಈ ವಿದ್ಯೆ ನಮ್ಮ ಜಿಲ್ಲೆಯ ಪ್ರತಿಯೊಂದು ಪ್ರೌಢಶಾಲೆಗೂ ಬರಬೇಕು, ಬರುವುದು ಸಾಧ್ಯವೂ ಇದೆ ಎಂಬುದು ನನ್ನ ಬಲವಾದ ನಂಬಿಕೆ.

ಸಸ್ಯಗಳನ್ನು ಗುರುತಿಸಲು ಶಾಸ್ತ್ರಜ್ಞರು ಮೊದಲು ನೋಡುವುದು ಹೂವನ್ನು. ಲಿನೇಯಸನ ಕಾಲದಿಂದ ನಡೆದುಬಂದ ಪದ್ಧತಿ ಅದು. ಆದರೆ ತಾಳೆ ಕುಟುಂಬದಲ್ಲಿ ಹೂವನ್ನೇ ನಂಬಿ ಕೂತರೆ ಕೆಲಸ ಸಾಗುವುದಿಲ್ಲ. ತೆಂಗಿನ ಹೊಂಬಾಳೆ ನೆಲದಿಂದ ಬಹಳ ಮೇಲೆ. ಈಚಲಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ, ತಾಳೆಯಲ್ಲೂ ಹಾಗೆಯೇ. ಬೈನೆ ಹೂ ಬಿಡಲು ಶುರುಮಾಡುವುದು ಮರ ಪೂರ್ತಿ ಬೆಳೆದ ಮೇಲೆ. ತುದಿಯ ಗೊಂಚಲು ಮೊದಲು, ಆಮೇಲೆ ಕೆಳಕೆಳಗಿನದು, ಕೊನೆಯ ಗೊಂಚಲು ಮುಗಿದಾಗ ಮರವೂ ಸಾಯುತ್ತದೆ. ತಾಳೆಯಂತೆಯೇ ಬೀಸಣಿಗೆ ಗರಿಯ ಶ್ರೀತಾಳೆಯದು ಇನ್ನೂ ದೊಡ್ಡ ಕಥೆ. ಹಲವು ದಶಕ ಬರೀ ಗರಿ ಬಿಟ್ಟುಕೊಂಡಿದ್ದು, ಜೀವಮಾನದಲ್ಲಿ ಒಂದೇ ಸಲ, ಸಸ್ಯಲೋಕದಲ್ಲೇ ಅತಿ ದೊಡ್ಡದಾದ ಹೂಗೊಂಚಲನ್ನು ನೆತ್ತಿಯ ಮೇಲೆ ತಳೆದು, ಕಾಯಿ ಬಲಿತ ಮೇಲೆ ಒಣಗುತ್ತದೆ. ಅದರ ಹೂವಿಗಾಗಿ ಕಾದರೆ ಒಂದು ತಲೆಮಾರೇ ಕಳೆದುಹೋಗಬಹುದು. ಗರಿ ಹಾಗಲ್ಲ. ವರ್ಷವಿಡೀ ಇರುತ್ತದೆ, ಉದುರಿ ನಮ್ಮ ಕಾಲ ಬಳಿಗೇ ಬರುತ್ತದೆ.

ಸೂಕ್ಷ್ಮದರ್ಶಕಕ್ಕೆ ಹೋಗುವ ಮೊದಲು ಬರಿಗಣ್ಣಿಗೆ ಕಾಣುವುದನ್ನು ನೋಡೋಣ. ತಾಳೆ ಕುಟುಂಬದ ಗರಿ ಹುಟ್ಟುವ ರೀತಿಯೇ ವಿಶೇಷ. ಬೇವು, ಹುಣಿಸೆಗಳಲ್ಲಿ ಎಲೆಯ ಕಿರುದಳಗಳು ಮೊದಲಿನಿಂದಲೇ ಬೇರೆ ಬೇರೆಯಾಗಿ ಚಿಗುರುತ್ತವೆ. ತೆಂಗಿನ ಸುಳಿಯಲ್ಲಿ ಹಾಗಾಗುವುದಿಲ್ಲ. ಅಲ್ಲಿ ಎಲೆ ಮೊದಲು ಇಡಿಯಾಗಿರುತ್ತದೆ, ನೆರಿಗೆ ನೆರಿಗೆಯಾಗಿ ಮಡಿಚಿಕೊಳ್ಳುತ್ತದೆ, ಬಳಿಕ ಮಡಿಕೆಯ ಗೆರೆಯಲ್ಲಿ ಸೀಳಿಕೊಂಡು ಗರಿಯ ಎಸಳುಗಳಾಗುತ್ತದೆ. ಆ ಸೀಳು ಮಡಿಕೆಯ ಮೇಲಿನ ಏಣಿನಲ್ಲಿ ಬಿತ್ತೋ ಕೆಳಗಿನ ಏಣಿನಲ್ಲಿ ಬಿತ್ತೋ ಎಂಬುದರ ಮೇಲೆ ಇಡೀ ಕುಟುಂಬವೇ ಎರಡು ದೊಡ್ಡ ಪಾಲಾಗುತ್ತದೆ.

ತೆಂಗಿನ ಗರಿಯ ಒಂದು ಎಸಳನ್ನು ಕೈಗೆತ್ತಿಕೊಳ್ಳಿ. ಮರದ ಮೇಲೆ ಅದು ಯಾವ ಮುಖ ಮೇಲಾಗಿತ್ತೋ ಹಾಗೆಯೇ ಹಿಡಿದು ಅಡ್ಡಲಾಗಿ ಕತ್ತರಿಸಿ ತುದಿಯನ್ನು ನೋಡಿ. ನಡುವಿನ ಕಡ್ಡಿ ಮೇಲೆ, ಎರಡು ಅಂಚು ಕೆಳಗೆ. ಮನೆಯ ಸೂರಿನ ಹಾಗೆ. ಮಳೆ ಬಿದ್ದರೆ ನೀರು ಎರಡೂ ಕಡೆ ಜಾರಿ ಹೋಗುತ್ತದೆ. ಈಗ ಈಚಲಿನ ಎಸಳನ್ನು ಹಾಗೆಯೇ ಕತ್ತರಿಸಿ. ಮಡಿಕೆ ಕೆಳಗೆ, ಅಂಚುಗಳು ಮೇಲೆ. ನೀರು ಹನಿಸಿದರೆ ನಡುವಿನ ಕೊರಕಲಲ್ಲಿ ಓಡುತ್ತದೆ. ತೆಂಗು, ಅಡಿಕೆ, ರಾಯಲ್ ಪಾಮ್, ಪಾಮ್ ಎಣ್ಣೆಯ ಮರ, ಬೆತ್ತ, ಇವೆಲ್ಲ ತೆಂಗಿನ ಕಡೆಯವು. ಈಚಲು, ಖರ್ಜೂರ, ಬೈನೆ, ತಾಳೆ, ಶ್ರೀತಾಳೆ, ಇವು ಈಚಲಿನ ಕಡೆಯವು. ನಮ್ಮ ಸೀಮೆಯಲ್ಲಿ ಸಿಗುವ ಯಾವ ಗರಿಗೇ ಆಗಲಿ ಈ ಒಂದು ಪರೀಕ್ಷೆ ಮಾಡಿದರೆ ಅರ್ಧ ಅನುಮಾನ ಅಲ್ಲಿಗೇ ತೀರುತ್ತದೆ. ಬೇಕಾದದ್ದು ಒಂದು ಬ್ಲೇಡು ಮಾತ್ರ.

ಮುಂದಿನ ಹೆಜ್ಜೆಯೂ ಕಣ್ಣಿನದೇ. ತೆಂಗಿನ ಪ್ರತಿ ಎಸಳಿನಲ್ಲಿ ಒಂದೇ ಗಟ್ಟಿ ಕಡ್ಡಿ. ಅದನ್ನು ಹೆರೆದು ಬಿಡಿಸಿದರೆ ಪೊರಕೆ. ಅಡಿಕೆ ಸೋಗೆಯ ಎಸಳು ಅಗಲ. ಹಲವು ಮಡಿಕೆಗಳು ಸೀಳದೆ ಒಟ್ಟಿಗೇ ಉಳಿದಿರುವುದರಿಂದ ಒಂದೇ ಎಸಳಿನಲ್ಲಿ ಎರಡು, ಮೂರು, ಕೆಲವೊಮ್ಮೆ ಇನ್ನೂ ಹೆಚ್ಚು ಏಣುಗಳು ಓಡುತ್ತವೆ. ಸೋಗೆಯ ತುದಿಯ ಎಸಳುಗಳ ಕೊನೆ ಚೂಪಾಗಿರುವುದಿಲ್ಲ, ಯಾರೋ ಕಚ್ಚಿ ಹರಿದಂತೆ ಹಲ್ಲುಹಲ್ಲಾಗಿರುತ್ತದೆ. ಅಡಿಕೆಯ ಗರಿಯ ಬುಡ ಕಾಂಡವನ್ನು ಸುತ್ತಿ ಹಾಳೆಯಾಗುತ್ತದೆ. ತೆಂಗಿನ ಮಟ್ಟೆಯ ಬುಡ ಬಲೆಯಂಥ ನಾರಾಗುತ್ತದೆ. ದೂರದಿಂದ ಅಡಿಕೆಯಂತೆ ಹಸಿರು ಕೊರಳು ತೋರಿಸುವ ರಾಯಲ್ ಪಾಮ್‌ನ ಎಸಳುಗಳು ಒಂದೊಂದೇ ಮಡಿಕೆಯವು, ತುದಿ ಚೂಪು, ಗರಿಯ ನಡುದಿಂಡಿನ ಸುತ್ತ ನಾನಾ ದಿಕ್ಕಿಗೆ ಕೆದರಿಕೊಂಡಿರುತ್ತವೆ.

ಈಚಲಿನಲ್ಲಿ ಗರಿಯ ಬುಡದ ಎಸಳುಗಳೇ ಗಡುಸಾಗಿ ಮುಳ್ಳಾಗಿವೆ. ಈಚಲ ಮುಳ್ಳು ಚುಚ್ಚಿಸಿಕೊಂಡವರು ಅದನ್ನು ಹುಷಾರಾಗಿ ಕೀಳುವಾಗ ಒಮ್ಮೆ ನೋಡಲಿ. ಅದರ ಉದ್ದಕ್ಕೂ ಎಸಳಿನ ಮಡಿಕೆಯ ಗುರುತು ಉಳಿದಿರುತ್ತದೆ. ಹಿಂದೆ ಹೇಳಿದ ಕಡ್ಡಿ ಈಚಲಿನ ಎಸಳಿನಲ್ಲಿ ಎದ್ದು ಕಾಣುವುದಿಲ್ಲ. ಹಾಗಾಗಿಯೇ ಈಚಲ ಪೊರಕೆ ಕಟ್ಟುವವರು ಕಡ್ಡಿ ಬಿಡಿಸಲು ಹೋಗುವುದಿಲ್ಲ, ಎಸಳನ್ನೇ ಇಡಿಯಾಗಿಯೋ ಸೀಳಿಯೋ ಕಟ್ಟುತ್ತಾರೆ. ಚಾಪೆ, ಬುಟ್ಟಿ ಹೆಣೆಯುವ ಕೈಗಳಿಗೆ ಈ ವ್ಯತ್ಯಾಸ ಯಾವ ಪುಸ್ತಕಕ್ಕಿಂತಲೂ ಮೊದಲೇ ಗೊತ್ತು. ಎಸಳು ಎಲ್ಲಿ ಸೀಳುತ್ತದೆ, ಎಷ್ಟು ಬಾಗಿದರೆ ಮುರಿಯುತ್ತದೆ, ಯಾವ ತಿಂಗಳ ಗರಿಯಲ್ಲಿ ನಾರು ಬಲಿತಿರುತ್ತದೆ ಎಂದು ಅವರು ಹೇಳುವುದು ಸಸ್ಯದ ಅಂಗರಚನೆಯ ಪಾಠವೇ. ನಮ್ಮ ಕಾಲೇಜುಗಳು ಆ ತಿಳಿವಳಿಕೆಯನ್ನು ಇನ್ನೂ ಸರಿಯಾಗಿ ಬರೆದಿಟ್ಟುಕೊಂಡಿಲ್ಲ ಎಂಬುದು ನನಗೆ ನೋವಿನ ವಿಷಯ.

ಬೈನೆಯನ್ನು ಗುರುತಿಸುವುದು ಎಲ್ಲಕ್ಕಿಂತ ಸುಲಭ. ನಾನು ಹೇಳಿದ ಮರಗಳಲ್ಲಿ ಅದರ ಗರಿ ಮಾತ್ರ ಎರಡು ಸಲ ಕವಲೊಡೆಯುತ್ತದೆ, ಎಸಳು ಮೀನಿನ ಬಾಲದ ಆಕಾರ. ತಾಳೆ, ಶ್ರೀತಾಳೆಗಳದು ಬೀಸಣಿಗೆ ಗರಿ. ಇವೆರಡರ ನಡುವಿನ ಗುರುತಿಗೆ ಆಮೇಲೆ ಬರುತ್ತೇನೆ, ಅದಕ್ಕೆ ಬೇರೆಯೇ ಮಹತ್ವವಿದೆ.

ನರ್ಸರಿ ಇಟ್ಟವರಿಗೆ, ಸಸಿ ಕೊಳ್ಳುವವರಿಗೆ ಒಂದು ಮಾತು. ಈ ಮರಗಳ ಮೊದಲ ಎಲೆ ದೊಡ್ಡ ಗರಿಯ ಹಾಗಿರುವುದಿಲ್ಲ. ತೆಂಗಿನ ಸಸಿಯ ಮೊದಲ ಎಲೆಗಳು ಸೀಳದೆ ಇಡಿಯಾಗಿರುತ್ತವೆ. ಅಡಿಕೆಯ ಮೊದಲ ಎಲೆ ನಡುವೆ ಸೀಳಿ ಎರಡು ಹೋಳಾಗಿರುತ್ತದೆ. ಈಚಲು, ತಾಳೆಗಳ ಮೊದಲ ಎಲೆ ಪಟ್ಟಿಯಂತೆ ನೀಳ. ಈಚಲಿನದಂತೂ ಹುಲ್ಲೆಂದು ಕಿತ್ತು ಎಸೆಯುವಷ್ಟು ಸಪೂರ. ಹಳ್ಳದ ದಂಡೆಯಲ್ಲಿ ಕಳೆ ಕೀಳುವವರು ಇದನ್ನು ನೆನಪಿಟ್ಟುಕೊಂಡರೆ ಎಷ್ಟೋ ಈಚಲ ಸಸಿಗಳು ಉಳಿದಾವು.

ಇನ್ನು ಗರಿಯ ಒಳಗೆ ಹೋಗೋಣ.

ಒಣಗಿದ ಗರಿಯಾದರೆ ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಇಲ್ಲವೇ ಸ್ವಲ್ಪ ಹೊತ್ತು ಕುದಿಸಿ. ಆಲೂಗಡ್ಡೆಯನ್ನು ಸೀಳಿ ನಡುವೆ ಗರಿಯ ಚೂರನ್ನು ಸಿಕ್ಕಿಸಿ, ಹೊಸ ಬ್ಲೇಡಿನಿಂದ ಎಷ್ಟು ತೆಳುವಾಗಿ ಆಗುತ್ತದೋ ಅಷ್ಟು ತೆಳುವಾಗಿ ಅಡ್ಡಕ್ಕೆ ಸವರಿ. ಚೂರುಗಳನ್ನು ನೀರಿನ ಬಟ್ಟಲಲ್ಲಿ ಬಿಟ್ಟು, ಬೆಳಕು ತೂರಿ ಕಾಣುವಷ್ಟು ತೆಳುವಾದದ್ದನ್ನು ಆರಿಸಿ ಗಾಜಿನ ಪಟ್ಟಿಯ ಮೇಲಿಡಿ. ಶಾಲೆಯಲ್ಲಿ ಸ್ಯಾಫ್ರನಿನ್ ಬಣ್ಣವಿದ್ದರೆ ಒಂದು ತೊಟ್ಟು ಹಾಕಿ. ನಾರಿನ ಕೋಶಗಳು ಕೆಂಪಾಗಿ ಎದ್ದು ನಿಲ್ಲುತ್ತವೆ. ಬ್ಲೇಡು ಹಿಡಿಯುವ ಕೆಲಸ ಮಾತ್ರ ಮೇಷ್ಟ್ರ ಎದುರಿಗೇ ನಡೆಯಲಿ.

ಎಲೆಯ ಮೈಮೇಲೆ ಉಸಿರಾಟದ ಸಣ್ಣ ಬಾಯಿಗಳಿವೆ, ಪತ್ರರಂಧ್ರಗಳು. ಅವನ್ನು ನೋಡಲು ಕತ್ತರಿಸಬೇಕಾದ ಅಗತ್ಯವೂ ಇಲ್ಲ. ಗರಿಯ ಮೇಲಿನ ಮೇಣವನ್ನು ಬಟ್ಟೆಯಲ್ಲಿ ಒರೆಸಿ, ಬಣ್ಣವಿಲ್ಲದ ನೇಲ್ ಪಾಲಿಶ್ ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಸೆಲ್ಲೋ ಟೇಪಿನಿಂದ ಎತ್ತಿ ಗಾಜಿಗೆ ಅಂಟಿಸಿ. ಎಲೆಯ ಮೈಯ ಪಡಿಯಚ್ಚು ಸಿಗುತ್ತದೆ. ಮೇಲ್ಮೈಯದೊಂದು, ಕೆಳಮೈಯದೊಂದು ತೆಗೆದು ಹೋಲಿಸಿ. ತೆಂಗಿನಲ್ಲಿ ರಂಧ್ರಗಳೆಲ್ಲ ಕೆಳಮೈಯಲ್ಲಿ. ಈಚಲಿನಲ್ಲಿ, ಖರ್ಜೂರದಲ್ಲಿ, ತಾಳೆಯಲ್ಲಿ ಎರಡೂ ಮೈಯಲ್ಲಿ. ಪ್ರತಿ ರಂಧ್ರದ ಎರಡು ಪಕ್ಕಕ್ಕೆ ಎರಡು, ಎರಡು ಕೊನೆಗೆ ಎರಡು, ಹೀಗೆ ನಾಲ್ಕು ನೆರೆಯ ಕೋಶಗಳು ಕಾವಲಿಗಿರುತ್ತವೆ. ಆದರೆ ಇದು ಕುಟುಂಬಕ್ಕೇ ಸಾಮಾನ್ಯವಾದ ಲಕ್ಷಣ. ತಾಳೆ ಕುಟುಂಬ ಹೌದೋ ಅಲ್ಲವೋ ಎಂದು ನೋಡುವುದಕ್ಕೆ ಸರಿ, ತೆಂಗೋ ಈಚಲೋ ಎಂದು ತೀರ್ಮಾನಿಸಲು ಸಾಲದು. ಎಲೆಯೊಳಗಿನ ಸೂಜಿಯಂಥ ಸುಣ್ಣದ ಹರಳುಗಳೂ ಹಾಗೆಯೇ. ನೋಡಲು ಚಂದ, ಒಂದರಿಂದ ಒಂದನ್ನು ಬೇರ್ಪಡಿಸಲು ಉಪಯೋಗ ಕಡಿಮೆ.

ಅಡ್ಡ ಸೀಳಿನಲ್ಲಿ ತೆಂಗಿನ ಎಲೆಯ ಮೇಲು ಕೆಳಗು ಸ್ಪಷ್ಟವಾಗಿ ಬೇರೆ. ಮೇಲುಗಡೆ ದಪ್ಪ ಮೇಣದ ಹೊದಿಕೆ, ಹೊರಪದರ, ಅದರಡಿಗೆ ಬಣ್ಣವಿಲ್ಲದ ದೊಡ್ಡ ಕೋಶಗಳ ಸಾಲು, ಆಮೇಲೆ ಹಸಿರು ಕೋಶಗಳ ಒತ್ತಾದ ಪದರ, ಕೆಳಗೆ ಸಡಿಲವಾದ ಹಸಿರು, ಕೊನೆಗೆ ರಂಧ್ರಗಳಿರುವ ಕೆಳ ಹೊರಪದರ. ಕಡ್ಡಿಯ ಪಕ್ಕದಲ್ಲಿ ತೆಳುಗೋಡೆಯ ದೊಡ್ಡ ಕೋಶಗಳ ಗುಂಪೊಂದಿರುತ್ತದೆ. ಸುಳಿಯಲ್ಲಿ ಮಡಿಚಿಕೊಂಡಿದ್ದ ಎಸಳು ಬಿಚ್ಚಿಕೊಳ್ಳುವುದು ಈ ಕೋಶಗಳು ನೀರು ತುಂಬಿ ಉಬ್ಬಿದಾಗ. ಈಚಲನ್ನು ನೋಡಿದರೆ ಮೇಲಿನ ಮುಖವೂ ಕೆಳಗಿನ ಮುಖವೂ ಹೆಚ್ಚುಕಮ್ಮಿ ಒಂದೇ. ಎರಡೂ ಹೊರಪದರಗಳ ಅಡಿಯಲ್ಲಿ ನಾರಿನ ಕಟ್ಟುಗಳು ಸಾಲುಗಟ್ಟಿವೆ, ಹಸಿರು ಕೋಶಗಳು ಎರಡೂ ಕಡೆ ಒತ್ತಾಗಿವೆ. ಬಯಲಿನ ಬಿಸಿಲಿಗೆ ನೆಟ್ಟಗೆ ನಿಲ್ಲುವ ಎಲೆಗೆ ಬೆಳಕು ಎರಡೂ ಕಡೆಯಿಂದ ಬೀಳುತ್ತದೆ. ಆ ಬದುಕಿಗೆ ಒಪ್ಪುವ ಕಟ್ಟಡ ಇದು. ಹಿರಿಯೂರು, ಹೊಸದುರ್ಗಗಳಲ್ಲಿ ಕೊಳವೆಬಾವಿ ಬತ್ತಿದ ವರ್ಷಗಳಲ್ಲಿ ತೆಂಗಿನ ಸುಳಿ ಬಾಡಿದ್ದನ್ನೂ, ಅದೇ ಹೊಲದ ಬದುವಿನ ಈಚಲು ಹಸಿರಾಗಿಯೇ ನಿಂತದ್ದನ್ನೂ ಕಂಡ ರೈತರು ಈ ಎರಡು ಸೀಳುಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಬೇಕು. ಬೇರಿನ ಪಾತ್ರ ಇದ್ದೇ ಇದೆ. ಆದರೂ ಎಲೆಯ ಕಟ್ಟಡ ಕಂಡ ಮೇಲೆ ಮರದ ಸ್ವಭಾವ ಇನ್ನೊಂದಿಷ್ಟು ಅರ್ಥವಾಗುತ್ತದೆ.

ಇನ್ನು ನನಗೆ ಅತ್ಯಂತ ಪ್ರಿಯವಾದ ಭಾಗ. ತಾಳೆ ಕುಟುಂಬದ ಮರಗಳು ಬೇರಿನಿಂದ ನೀರಿನ ಜೊತೆ ಸಿಲಿಕಾವನ್ನೂ ಹೀರುತ್ತವೆ. ಮರಳಿನಲ್ಲಿರುವ ಪದಾರ್ಥವೇ ಅದು. ನಾರಿನ ಕಟ್ಟುಗಳ ಉದ್ದಕ್ಕೂ ಸಾಲಾಗಿ ಕೂತ ಪುಟ್ಟ ಕೋಶಗಳಲ್ಲಿ ಆ ಸಿಲಿಕಾ ಒಂದೊಂದು ಕಣವಾಗಿ ಗಟ್ಟಿಯಾಗುತ್ತದೆ. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಒಂದು ಪಾಲಿನ ಆಸುಪಾಸಿನ ಗಾತ್ರ. ತೆಂಗು, ಈಚಲು, ತಾಳೆಗಳಲ್ಲಿ ಈ ಕಣ ಗುಂಡಗಿದ್ದು ಮೈತುಂಬಾ ಸಣ್ಣ ಮುಳ್ಳುಗಳಿರುತ್ತವೆ. ಬೈನೆಯಲ್ಲಿ ತಳ ಅಗಲವಾಗಿ ಮೇಲೆ ಮೊನೆಯಾದ ಟೋಪಿಯ ಆಕಾರ. ರಾಗಿ, ಜೋಳ, ಹುಲ್ಲುಗಳಲ್ಲೂ ಸಿಲಿಕಾ ಇದೆ. ಅಲ್ಲಿ ಆಕಾರಗಳೇ ಬೇರೆ, ಡಂಬೆಲ್ಲಿನದು, ಕುದುರೆ ಜೀನಿನದು. ಬಾಳೆಯದು ನಡುವೆ ಕುಳಿಬಿದ್ದ ದೋಣಿಯಂಥದ್ದು. ಎಲೆ ಕೊಳೆತರೂ ಸುಟ್ಟರೂ ಈ ಕಣಗಳು ಕರಗುವುದಿಲ್ಲ. ಗರಿಯ ಚೂರನ್ನು ತಗಡಿನ ಮೇಲೆ ಬೆಳ್ಳನೆಯ ಬೂದಿಯಾಗುವವರೆಗೆ ಸುಟ್ಟು, ಬೂದಿಯ ಚಿಟಿಕೆಯನ್ನು ನೀರಿನ ಹನಿಯಲ್ಲಿಟ್ಟು 400 ಪಟ್ಟು ದೊಡ್ಡದಾಗಿ ತೋರಿಸುವ ಸೂಕ್ಷ್ಮದರ್ಶಕದಡಿ ನೋಡಿದರೆ ಕಣಗಳು ಕಾಣಿಸುತ್ತವೆ. ಒಲೆಯೊಳಗೆ ಉರಿದದ್ದು ತೆಂಗಿನ ಗರಿಯೋ ಜೋಳದ ದಂಟೋ ಎಂದು ಬೂದಿ ನೋಡಿ ಹೇಳುವುದು ಹೀಗೆ.

ಈ ಕಣಗಳು ಎಷ್ಟು ಕಾಲ ಉಳಿಯುತ್ತವೆ ಎನ್ನುವುದಕ್ಕೆ ಒಂದು ಉದಾಹರಣೆ. ಇರಾಕಿನ ಶಾನಿದಾರ್ ಗುಹೆಯಲ್ಲಿ ಸಿಕ್ಕಿದ ನಿಯಾಂಡರ್ತಾಲ್ ಮನುಷ್ಯನ ಹಲ್ಲಿನ ಪಾಚಿಯಲ್ಲಿ ಖರ್ಜೂರದ ಸಿಲಿಕಾ ಕಣಗಳನ್ನು ಗುರುತಿಸಿದ ವರದಿ 2011ರಲ್ಲಿ ಪ್ರಕಟವಾಯಿತು. ಆ ಮನುಷ್ಯ ಬದುಕಿದ್ದು ನಲವತ್ತು ಸಾವಿರ ವರ್ಷಗಳಿಗೂ ಹಿಂದೆ. ನಮ್ಮ ಚಿತ್ರದುರ್ಗದ ಮಗ್ಗುಲಲ್ಲೇ ಚಂದ್ರವಳ್ಳಿ ಇದೆ. ಎಂ.ಎಚ್. ಕೃಷ್ಣ ಅವರು 1929ರಲ್ಲಿ, ಮಾರ್ಟಿಮರ್ ವೀಲರ್ ಅವರು 1947ರಲ್ಲಿ ಅಗೆದ ನೆಲ. ಶಾತವಾಹನರ ಕಾಲದ ನಾಣ್ಯ, ಮಡಕೆಗಳು ಅಲ್ಲಿ ಸಿಕ್ಕಿವೆ. ಅಂಥ ನೆಲದ ಮಣ್ಣಿನ ಪದರಗಳಲ್ಲಿ ತಾಳೆ ಕುಟುಂಬದ ಈ ಮುಳ್ಳುಗುಂಡುಗಳನ್ನು ಹುಡುಕುವ ಕೆಲಸಕ್ಕೆ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರೇ ಮುಂದೆ ಬರಬೇಕು ಎಂದು ನನಗೆ ಆಸೆ. ಆ ಊರಿನ ಸೂರು ಯಾವ ಗರಿಯದು, ಹಳ್ಳದಲ್ಲಿ ಈಚಲಿತ್ತೇ, ತೋಟವಿತ್ತೇ ಎಂದು ಕೇಳುವುದಕ್ಕೆ ದಾರಿ ಇದು.

ಗರಿಯ ಒಳಗನ್ನು ಓದುವ ಈ ಶಾಸ್ತ್ರವನ್ನು ಒಂದು ಕ್ರಮಕ್ಕೆ ತಂದವರು ಪಿ.ಬಿ. ಟಾಮ್ಲಿನ್ಸನ್. ಏಕದಳ ಸಸ್ಯಗಳ ಅಂಗರಚನೆಯ ಕುರಿತು ಮೆಟ್‌ಕಾಫ್ ಅವರ ಸಂಪಾದಕತ್ವದಲ್ಲಿ ಬಂದ ಗ್ರಂಥಮಾಲೆಯಲ್ಲಿ ತಾಳೆ ಕುಟುಂಬದ ಸಂಪುಟ ಅವರದು, 1961ರದು. ಎಲೆಯ ಪದರ, ನಾರು, ರಂಧ್ರ, ಸಿಲಿಕಾ, ಎಲ್ಲವನ್ನೂ ಕುಲವಾರು ನೋಡಿ ಬರೆದರು. ಅರ್ಧ ಶತಮಾನದ ನಂತರ 2011ರಲ್ಲಿ ಹಾರ್ನ್ ಮತ್ತು ಫಿಶರ್ ಜೊತೆ ಸೇರಿ ಇಡೀ ವಿಷಯವನ್ನು ಹೊಸದಾಗಿ ಬರೆದರು. ನಮ್ಮ ದೇಶದ ತಾಳೆ ಕುಟುಂಬದ ಮರಗಳ ಬಗ್ಗೆ ಮುಂಬೈಯ ಪಾದ್ರಿ ಎಥೆಲ್ಬರ್ಟ್ ಬ್ಲಾಟರ್ 1926ರಲ್ಲಿ ದೊಡ್ಡ ಪುಸ್ತಕ ತಂದಿದ್ದರು. ಇಂದಿಗೂ ತೆಗೆದು ನೋಡಬೇಕಾದ ಪುಸ್ತಕ ಅದು. ಈಚಲು, ಖರ್ಜೂರಗಳ ಕುಲವನ್ನು ಸಾಶಾ ಬ್ಯಾರೋ 1998ರಲ್ಲಿ ಪೂರ್ತಿಯಾಗಿ ಪರಿಶೀಲಿಸಿ 13 ಜಾತಿಗಳನ್ನು ಗುರುತಿಸಿದರು. ತಾಳೆಯ ಕುಲದಲ್ಲಿ ಐದು ಜಾತಿಗಳೆಂದು ರಾಸ್ ಬೇಟನ್ 2007ರಲ್ಲಿ ನಿರ್ಣಯಿಸಿದರು. ಕನ್ನಡದಲ್ಲಿ ಬರೆದ ಸಸ್ಯಶಾಸ್ತ್ರಜ್ಞರಲ್ಲಿ ಬಿ.ಜಿ.ಎಲ್. ಸ್ವಾಮಿಯವರು ಸಸ್ಯಗಳ ಅಂಗರಚನೆಯಲ್ಲಿ ಜಗತ್ತು ಒಪ್ಪಿದ ವಿದ್ವಾಂಸರು. ಅಂಥವರು ಇದ್ದ ಭಾಷೆಯಲ್ಲಿ ಈಚಲ ಗರಿಯ ಸೀಳಿನ ಒಂದು ಒಳ್ಳೆಯ ಚಿತ್ರ ಶಾಲೆಯ ಪುಸ್ತಕದಲ್ಲಿ ಇರಬೇಕಿತ್ತು.

ತಾಳೆ, ಶ್ರೀತಾಳೆಗಳ ಮಾತಿಗೆ ಬರುತ್ತೇನೆ ಎಂದಿದ್ದೆ. ನಮ್ಮ ಹಳೆಯ ಓಲೆಗರಿಗಳೆಲ್ಲ ಈ ಎರಡರಲ್ಲಿ ಒಂದು ಮರದವು. ಮೈಸೂರಿನಲ್ಲಿ 1891ರಲ್ಲಿ ಶುರುವಾದ ಓರಿಯಂಟಲ್ ಲೈಬ್ರರಿಯಲ್ಲಿ, ಅಂದರೆ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ, ಆರ್. ಶಾಮಶಾಸ್ತ್ರಿಗಳು ಓದಿ 1909ರಲ್ಲಿ ಅಚ್ಚಿಗೆ ತಂದ ಅರ್ಥಶಾಸ್ತ್ರ ಓಲೆಯ ಮೇಲೇ ಇತ್ತು. ಮೂಡಬಿದಿರೆಯ ಧವಲಾ ಗ್ರಂಥಗಳೂ ಓಲೆಯವೇ. ಚಿತ್ರದುರ್ಗ ಸೀಮೆಯ ಮಠಗಳಲ್ಲಿ, ಶಾನುಭೋಗರ ಮನೆಗಳಲ್ಲಿ, ಪುರಾಣ ಓದುತ್ತಿದ್ದವರ ಮನೆಗಳಲ್ಲಿ ಓಲೆಯ ಕಟ್ಟುಗಳು ಇದ್ದವು, ಇನ್ನೂ ಇವೆ. ಅವು ಯಾವ ಮರದವು ಎಂದು ತಿಳಿಯುವುದು ಬರೀ ಕುತೂಹಲದ ಮಾತಲ್ಲ. ಶ್ರೀತಾಳೆಯ ಓಲೆ ತೆಳು, ಬಾಗುತ್ತದೆ, ಅಗಲವೂ ಹೆಚ್ಚು. ತಾಳೆಯದು ದಪ್ಪ, ಬಿರುಸು, ಒಣಗಿದಾಗ ಬೇಗ ಮುರಿಯುತ್ತದೆ. ಎಣ್ಣೆ ಸವರಿ ಕಾಪಾಡುವುದು, ಬಿಚ್ಚಿ ಹರವುವುದು, ಒತ್ತಿಡುವುದು ಎಲ್ಲವೂ ಇದರ ಮೇಲೆ ನಿಲ್ಲುತ್ತದೆ. ಶ್ರೀತಾಳೆ ನಮ್ಮಲ್ಲಿ ಕರಾವಳಿಯ ಕಡೆಯ ಮರ, ಉತ್ತರ ಕನ್ನಡದಲ್ಲಿ ಇಂದಿಗೂ ಕಾಣಸಿಗುತ್ತದೆ. ಬಯಲುಸೀಮೆಯ ಮನೆಯ ಓಲೆ ಶ್ರೀತಾಳೆಯದೆಂದು ಖಚಿತವಾದರೆ, ಬರೆಯುವ ಸಾಮಗ್ರಿ ಘಟ್ಟದ ಕೆಳಗಿನಿಂದ ಬಂದಿತೇ ಎಂದು ಕೇಳಬಹುದು. ವ್ಯಾಪಾರದ ಚರಿತ್ರೆಗೆ ಅದೊಂದು ಎಳೆ. ಎಲೆಯ ಉದ್ದ ನಾಳಗಳ ನಡುವೆ ಓಡುವ ಅಡ್ಡನಾಳಗಳ ವಿನ್ಯಾಸ, ಹೊರಪದರದ ಕೋಶಗಳು, ನಾರಿನ ಕಟ್ಟುಗಳ ಜಾಗ, ಇವನ್ನು ಗೊತ್ತಿರುವ ಮರದ ಗರಿಯ ಪಕ್ಕದಲ್ಲಿಟ್ಟು ಹೋಲಿಸಿ ನಿರ್ಣಯಿಸುತ್ತಾರೆ. ಓಲೆಯನ್ನು ಕುದಿಸಿ, ಒಣಗಿಸಿ, ಉಜ್ಜಿ, ಕಂಟದಿಂದ ಕೊರೆದು, ಮಸಿ ತಿಕ್ಕಿದ ಮೇಲೂ ಈ ಗುರುತುಗಳು ಅಳಿಯುವುದಿಲ್ಲ.

ಕೈಮುಗಿದು ಕೇಳಿಕೊಳ್ಳುತ್ತೇನೆ, ಓಲೆಗರಿಗೆ ಮಾತ್ರ ಯಾರೂ ಬ್ಲೇಡು ತಾಗಿಸಬೇಡಿ. ನೇಲ್ ಪಾಲಿಶ್ ಅಂತೂ ಬೇಡವೇ ಬೇಡ. ಕಟ್ಟಿನ ತಳದಲ್ಲಿ ತಾನಾಗಿ ಉದುರಿದ ಪುಡಿ, ಅಕ್ಷರವಿಲ್ಲದ ಅಂಚಿನ ಚೂರು, ಇಷ್ಟೇ ಪರೀಕ್ಷೆಗೆ ಸಾಕು. ಅದನ್ನೂ ತಿಳಿದವರ ಕೈಯಲ್ಲಿ ಮಾಡಿಸಬೇಕು.

ಈಚಲಿನ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ 1939ರಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಸತ್ಯಾಗ್ರಹಿಗಳು ಈಚಲ ಮರಗಳನ್ನು ಕಡಿದು ಸೆರೆಮನೆಗೆ ಹೋದರು. ಈಚಲಿನಿಂದ ಇಳಿಸುವ ಸೇಂದಿಯ ವಿರುದ್ಧದ, ಅದರ ಆದಾಯ ಉಣ್ಣುತ್ತಿದ್ದ ಆಡಳಿತದ ವಿರುದ್ಧದ ಹೋರಾಟ ಅದು. ಆ ತ್ಯಾಗವನ್ನು ನಾವು ಗೌರವದಿಂದ ನೆನೆಯುತ್ತೇವೆ. ಇಂದು ಈಚಲು ಕಡಿಮೆಯಾಗುತ್ತಿರುವುದಕ್ಕೆ ಕಾರಣ ಬೇರೆ. ಹಳ್ಳದ ಮರಳು ಹೋಯಿತು, ದಂಡೆ ಒತ್ತುವರಿಯಾಯಿತು, ಬದು ಸಪಾಟಾಯಿತು. ಯಾವ ಹಳ್ಳದಲ್ಲಿ ಯಾವ ಈಚಲಿದೆ ಎಂಬ ದಾಖಲೆಯನ್ನು ಊರೂರಿನ ಶಾಲೆಗಳು ಮಾಡಿಡಬಹುದು. ಹಳ್ಳದ ದಂಡೆಯ ಎತ್ತರದ ಈಚಲು ಒಂದು ಜಾತಿ, ಗುಡ್ಡದ ಹುಲ್ಲಿನ ನಡುವೆ ಬೆಳೆಯುವ ಗಿಡ್ಡ ಈಚಲು ಇನ್ನೊಂದು. ಈಗ ಬಯಲುಸೀಮೆಯ ಕೆಲವು ರೈತರು ಖರ್ಜೂರವನ್ನೂ ನೆಡುತ್ತಿದ್ದಾರೆ. ಈ ಕುಲದ ಜಾತಿಗಳು ಒಂದರೊಡನೊಂದು ಬೆರೆತು ಮಿಶ್ರ ಸಂತಾನ ಕೊಡುವುದೂ ಉಂಟು. ಹಾಗಾಗಿ ಇಲ್ಲಿ ಎಲೆಯ ಸೀಳು ಒಂದೇ ಸಾಲದು. ಬುಡದಲ್ಲಿ ಮರಿ ಒಡೆಯುತ್ತದೆಯೇ, ಕಾಂಡ ಎಷ್ಟು ಎತ್ತರ, ಎಸಳುಗಳು ದಿಂಡಿನ ಮೇಲೆ ಒಂದೇ ಸಾಲಿನಲ್ಲಿವೆಯೋ ಗುಂಪುಗುಂಪಾಗಿ ಕೆದರಿವೆಯೋ ಎಂಬುದನ್ನೂ ಬರೆದುಕೊಳ್ಳಬೇಕು. ಖರ್ಜೂರ ಬುಡದಲ್ಲಿ ಮರಿ ಹಾಕುತ್ತದೆ; ನಮ್ಮ ದೊಡ್ಡ ಈಚಲು ಒಂಟಿ ಕಾಂಡದ್ದು, ಹಳೆಯ ಮಟ್ಟೆಗಳ ಬುಡ ಅದರ ಮೈಮೇಲೆ ಚೌಕುಳಿಯಾಗಿ ಉಳಿಯುತ್ತದೆ.

ಎಲೆಯ ಅಂಗರಚನೆ ಕೊಡಲಾರದ ಉತ್ತರಗಳೂ ಇವೆ. ತಿಪಟೂರು ಎತ್ತರದ ತಳಿಯೋ ಗಿಡ್ಡ ತಳಿಯೋ ಎಂದು ಒಬ್ಬ ರೈತರು ತೆಂಗಿನ ಗರಿ ತಂದು ಕೇಳಿದರೆ ಸೂಕ್ಷ್ಮದರ್ಶಕ ಸುಮ್ಮನಿರುತ್ತದೆ. ಎರಡೂ ತೆಂಗೇ, ಒಂದೇ ಜಾತಿ. ತಳಿ ತಿಳಿಯಲು ತಾಯಿಮರದ ದಾಖಲೆ ಬೇಕು, ಇಲ್ಲವೇ ಡಿಎನ್‌ಎ ಪರೀಕ್ಷೆ ಬೇಕು. ಅದಕ್ಕೆ ಹಿರಿಯೂರಿನ ಬಬ್ಬೂರು ಫಾರಂ, ತೋಟಗಾರಿಕೆ ಕಾಲೇಜುಗಳಲ್ಲಿ ವಿಚಾರಿಸಿ. 1916ರಿಂದ ತೆಂಗಿನ ಸಂಶೋಧನೆ ನಡೆದುಬಂದಿರುವ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಡಿಕೆಗೆ ವಿಟ್ಲದಲ್ಲಿರುವ ಅದರ ಪ್ರಾದೇಶಿಕ ಕೇಂದ್ರ, ಇವೂ ಇವೆ.

ಕೆಲಸ ಶುರುಮಾಡುವವರಿಗೆ ಕೆಲವು ಎಚ್ಚರಿಕೆ. ಬುಡದ ಎಸಳಿನ ಕಟ್ಟಡ ಬೇರೆ, ತುದಿಯದು ಬೇರೆ. ಆದ್ದರಿಂದ ಯಾವ ಮರದಿಂದಲೇ ಆಗಲಿ, ಗರಿಯ ನಡುಭಾಗದ ಎಸಳನ್ನೇ ತೆಗೆದುಕೊಳ್ಳಿ, ಎಸಳಿನಲ್ಲೂ ನಡುಭಾಗವನ್ನೇ ಸೀಳಿ. ನೆರಳಿನ ಎಲೆ ತೆಳು, ಬಿಸಿಲಿನ ಎಲೆ ದಪ್ಪ. ಎರಡನ್ನು ಹೋಲಿಸಿದರೆ ತಪ್ಪು ತೀರ್ಮಾನಕ್ಕೆ ಹೋಗುತ್ತೀರಿ. ಮೊದಲು ಹೆಸರು ಗೊತ್ತಿರುವ ಮರಗಳ ಗರಿ ಸೀಳಿ ಚಿತ್ರ ಬರೆದಿಟ್ಟುಕೊಳ್ಳಿ, ಆಮೇಲೆ ಗೊತ್ತಿಲ್ಲದ್ದಕ್ಕೆ ಕೈಹಾಕಿ. ಶಾಲೆಯಲ್ಲಿ ಸೂಕ್ಷ್ಮದರ್ಶಕವಿಲ್ಲವೆಂದು ಕೈಕಟ್ಟಿ ಕೂರಬೇಡಿ. ಮನು ಪ್ರಕಾಶ್ ಮತ್ತು ಸಂಗಡಿಗರು ಸ್ಟ್ಯಾನ್‌ಫರ್ಡ್‌ನಲ್ಲಿ ರೂಪಿಸಿದ, ಕಾಗದ ಮಡಿಚಿ ಮಾಡುವ ಫೋಲ್ಡ್‌ಸ್ಕೋಪ್ ಕಡಿಮೆ ಬೆಲೆಗೆ ಸಿಗುತ್ತದೆ. ಪತ್ರರಂಧ್ರ, ನಾರಿನ ಕಟ್ಟುಗಳನ್ನು ಅದರಲ್ಲಿ ಚೆನ್ನಾಗಿ ನೋಡಬಹುದು. ಸಿಲಿಕಾ ಕಣಗಳಿಗೆ ಕಾಲೇಜಿನ ಸೂಕ್ಷ್ಮದರ್ಶಕವೇ ಆಗಬೇಕು.

ಒಣಗಿಸಿದ ಗರಿಯ ತುಂಡಿನ ಜೊತೆ ಒಂದು ಚೀಟಿ ಕಟ್ಟಿಡಿ. ಊರು, ಹಳ್ಳದ ಹೆಸರು ಅಥವಾ ತೋಟದ ಗುರುತು, ತಾರೀಖು, ಮರದ ಎತ್ತರ, ಗಂಡೋ ಹೆಣ್ಣೋ, ಊರಿನವರು ಅದನ್ನು ಏನೆಂದು ಕರೆಯುತ್ತಾರೆ, ಗರಿಯನ್ನು ಏನಕ್ಕೆ ಬಳಸುತ್ತಾರೆ, ಇಷ್ಟು ಬರೆದಿದ್ದರೆ ಸಾಕು. ಪಾಕೀಟಿನೊಳಗೆ ಬೇವಿನ ಒಣ ಎಲೆ ಹಾಕಿ, ಹುಳ ಬೀಳದಂತೆ ನೋಡಿಕೊಳ್ಳಿ. ಹತ್ತಿರದ ಪದವಿ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಒಂದು ಪ್ರತಿ ಕೊಡಿ, ಒಂದು ನಿಮ್ಮ ಶಾಲೆಯಲ್ಲಿರಲಿ. ಹೊಳಲ್ಕೆರೆಯ ಅಡಿಕೆ ಸೋಗೆ, ಹೊಸದುರ್ಗದ ತೆಂಗಿನ ಗರಿ, ಹಿರಿಯೂರಿನ ಹಳ್ಳದ ಈಚಲು, ಚಿತ್ರದುರ್ಗದ ಉದ್ಯಾನದ ಬೈನೆ, ಈ ನಾಲ್ಕರಿಂದಲೇ ಶುರುಮಾಡಬಹುದು. ತಾಳೆಯ ಗರಿ ಸಿಕ್ಕರೆ ಐದನೆಯದು.